ಮುಂಜಾನೆ ಒಂದು ಗೆರೆ, ಸಂಜೆ ಒಂದು ಗೆರೆ

ಈಗ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ಆ ಬೇಸಿಗೆ ಎರಡು ಸಾವಿರದ ಆರರದೋ ಏಳರದೋ ಎಂಬಲ್ಲಿಂದಲೇ ಅನುಮಾನ ಶುರುವಾಗುತ್ತದೆ. ಈ ಸಂಗತಿಯನ್ನು ಹೆಸರು ಬದಲಿಸಿ ಹಲವು ಸಲ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ, ತರಗತಿಯಲ್ಲಿ, ಒಮ್ಮೆ ಒಂದು ವಿಚಾರ ಸಂಕಿರಣದಲ್ಲಿ ಕೂಡ. ಪ್ರತಿ ಸಲ ಹೇಳಿದಾಗಲೂ ಅದು ಇನ್ನಷ್ಟು ನುಣುಪಾಗಿದೆ. ಅಷ್ಟು ನುಣುಪಾದ ನೆನಪನ್ನು ನಂಬಬೇಡಿ ಎಂದು ಹುಡುಗರಿಗೆ ಪಾಠ ಮಾಡುವವನೂ ನಾನೇ.

ಕಳೆದ ಬೇಸಿಗೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಕಮಲಾಪುರದ ಕಾಲೇಜಿಗೆ ಹಾಕಿದ್ದರು. ಕಲಬುರಗಿಯಿಂದ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಮುಂಜಾನೆಯೇ ಇಳಿದೆ. ಪ್ರಶ್ನೆಪತ್ರಿಕೆಯ ಲಕೋಟೆ ತೆಗೆದುಕೊಳ್ಳಲು ಗ್ರಂಥಾಲಯದ ಕೋಣೆಗೆ ಹೋದಾಗ ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಇತ್ತು. ಕಮಲಾಪುರದ ಬಾಳೆ ಅಂದರೆ ಅದೇ. ಸಿಪ್ಪೆ ಇಟ್ಟಿಗೆ ಬಣ್ಣದ್ದು, ದಪ್ಪ, ಒಳಗೆ ಬೆಣ್ಣೆಯಂಥ ತಿರುಳು. ಬಿಸಿಲಿಗೆ ಹಣ್ಣು ಅತಿಯಾಗಿ ಮಾಗಿ, ಬೆಲ್ಲ ಕುದಿಸಿದ ಮೇಲೆ ಪಾತ್ರೆ ತೊಳೆಯದೆ ಬಿಟ್ಟಂಥ ಒಂದು ವಾಸನೆ ಕೋಣೆ ತುಂಬ ಇತ್ತು. ಆ ವಾಸನೆಗೆ ಸ್ಪಿರಿಟ್ಟು ಮತ್ತು ಹತ್ತಿಯ ವಾಸನೆ ಸೇರಿದರೆ, ಹಿಂದೆ ನಾನು ಕೆಲಸಕ್ಕಿದ್ದ ಸೇಡಂ ರಸ್ತೆಯ ಆ ಖೋಲಿ. ನಾನು ಲಕೋಟೆ ಹಿಡಿದು ಸುಮ್ಮನೆ ನಿಂತೆ. ಮೇಜಿನ ಆಚೆ ಕೂತಿದ್ದ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದರು. ಅವರ ವಿಷಯ ಕೊನೆಗೆ ಹೇಳುತ್ತೇನೆ.

ಖೋಲಿ ಇದ್ದದ್ದು ಸೇಡಂ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಟೈರಿನ ಅಂಗಡಿಯ ಮಹಡಿಯ ಮೇಲೆ. ಆಗ ಊರಿನ ಬೋರ್ಡುಗಳಲ್ಲೆಲ್ಲ ಇನ್ನೂ ಗುಲ್ಬರ್ಗ ಎಂದೇ ಇತ್ತು. ನಮ್ಮ ಖೋಲಿಗೆ ಮಾತ್ರ ಬೋರ್ಡೇ ಇರಲಿಲ್ಲ, ಬೇಕೆಂದೇ ಹಾಕಿರಲಿಲ್ಲ. ಒಂದು ಸಣ್ಣ ಸಂಸ್ಥೆ ಅದನ್ನು ನಡೆಸುತ್ತಿತ್ತು. ನಶೆಗಾಗಿ ಸೂಜಿ ಚುಚ್ಚಿಕೊಳ್ಳುವವರು ಹಗಲು ಹೊತ್ತು ಅಲ್ಲಿ ಬಂದು ಸ್ನಾನ ಮಾಡಬಹುದಿತ್ತು, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಬಹುದಿತ್ತು, ಯಾರೂ ಬೈಯದೆ ಮಲಗಬಹುದಿತ್ತು. ಬಂದವರಲ್ಲಿ ಹಲವರಿಗೆ ಎಚ್‌ಐವಿ ಇತ್ತು. ಹಂಚಿಕೊಂಡ ಸೂಜಿಯಿಂದ ಬಂದದ್ದು. ಅಂಥವರನ್ನು ರಕ್ತ ಪರೀಕ್ಷೆಗೆ, ಆಮೇಲೆ ಸರ್ಕಾರಿ ದವಾಖಾನೆಯ ಗುಳಿಗೆಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಡಾಕ್ಟರರೂ ಅಲ್ಲ, ನನ್ನಂಥ ಓದಿದವರೂ ಅಲ್ಲ. ತಾವೂ ಸೂಜಿ ಹಿಡಿದಿದ್ದು, ತಮಗೂ ಅದೇ ಕಾಯಿಲೆ ಬಂದು, ಹೇಗೋ ಬದುಕಿಕೊಂಡವರು. ಕಾಗದದಲ್ಲಿ ಅವರಿಗೆ ‘ಜೊತೆಗಾರರು’ ಎಂದು ಹೆಸರು.

ನಾನು ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಲೆಕ್ಚರರ್ ಪರೀಕ್ಷೆಗೆ ಓದುತ್ತ, ಅಲ್ಲಿ ದಾಖಲೆ ಬರೆಯುವ ಕೆಲಸಕ್ಕಿದ್ದೆ. ನೋವುಂಡವನೇ ನೋವುಂಡವನಿಗೆ ಆಸರೆ ಎಂಬ ಮಾತು ಕೇಳಲು ಚೆನ್ನಾಗಿದೆ, ದೇಣಿಗೆ ಕೊಡುವವರಿಗೆ ಇಷ್ಟವಾಗುತ್ತದೆ, ಆದರೆ ಅದಕ್ಕೆ ಪುರಾವೆ ಎಲ್ಲಿ ಎಂದು ನನ್ನ ವಾದ. ಯಾರೇ ಏನೇ ಹೇಳಿದರೂ ‘ಖರೇನಾ?’, ನಿಜವೇನು, ಎಂದು ಕೇಳುತ್ತಿದ್ದೆನಂತೆ. ಹಾಗಾಗಿ ಖೋಲಿಯಲ್ಲಿ ನನ್ನ ಹೆಸರೇ ಖರೇನಾ ಸರ್ ಎಂದಾಗಿಬಿಟ್ಟಿತ್ತು. “ಖರೇನಾ ಸರ್ ಬಂದ್ರು, ಎಲ್ಲಾರೂ ಸುಳ್ಳ ಹೇಳೋದು ಬಂದ್ ಮಾಡ್ರಿ,” ಎಂದು ಮೆಟ್ಟಿಲ ಸದ್ದಿಗೇ ಒಬ್ಬರಲ್ಲ ಒಬ್ಬರು ಕೂಗುತ್ತಿದ್ದರು.

ಆ ಬೇಸಿಗೆಯ ಬಿಸಿಲಿನ ಬಗ್ಗೆ ಮಾತ್ರ ಅನುಮಾನವಿಲ್ಲ. ತಗಡಿನ ಮಾಡು, ಮಧ್ಯಾಹ್ನಕ್ಕೆ ಸರಿಯಾಗಿ ಹೋಗುವ ಕರೆಂಟು, ಕೆಳಗಿನಿಂದ ಕಾದ ರಬ್ಬರಿನ ವಾಸನೆ. ಅಂಥದರಲ್ಲೂ ಖೋಲಿಗೆ ಬರುವವರೆಲ್ಲ ತುಂಬುತೋಳಿನ ಅಂಗಿ ಹಾಕಿ ಮಣಿಕಟ್ಟಿನ ಗುಂಡಿ ಹಾಕಿಕೊಂಡಿರುತ್ತಿದ್ದರು. ಮೆಟ್ಟಿಲು ಹತ್ತಿ ಬಾಗಿಲು ಮುಂದೆ ಮಾಡಿದ ಮೇಲೆಯೇ ತೋಳು ಮಡಚುವುದು. ಆ ಓಣಿಯಲ್ಲಿ ಬಿರುಬೇಸಿಗೆಯಲ್ಲಿ ತುಂಬುತೋಳು ಕಂಡರೆ ಟೈರಿನ ಅಂಗಡಿಯವನೂ ಬಾಯಿ ಬಿಡದೆ ಮೆಟ್ಟಿಲಿನ ಕಡೆ ಕೈ ತೋರಿಸುತ್ತಿದ್ದ.

ಜೊತೆಗಾರರಲ್ಲಿ ಮುಖ್ಯನಾದವನು ಮಿಲಿಂದ. ಇದು ಅವನ ನಿಜವಾದ ಹೆಸರಲ್ಲ. ಕಮಲಾಪುರದವನು, ಬೌದ್ಧರ ಮನೆ, ಮೂವತ್ತರ ಆಸುಪಾಸು. ಹಿಂದೆ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಾಗ ಸೂಜಿಯ ಚಟ ಹತ್ತಿತ್ತು. ಬಿಟ್ಟು ಎರಡು ವರ್ಷ, ಗುಳಿಗೆ ಶುರುಮಾಡಿ ಒಂದು ವರ್ಷ ಆಗಿತ್ತು. ಪ್ರತಿ ಸೋಮವಾರ ಊರಿನಿಂದ ಬರುವಾಗ ಚೀಲದ ತುಂಬ ಕೆಂಪು ಬಾಳೆಹಣ್ಣು ತರುತ್ತಿದ್ದ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಹಲವರಿಗೆ ವಾಂತಿಯಾಗುತ್ತಿತ್ತು, ಅದಕ್ಕೇ ಹಣ್ಣು. ಹಣ್ಣು ತಿನ್ನದವನ ಜೊತೆ ಅವನು ಮಾತೇ ಆಡುತ್ತಿರಲಿಲ್ಲ. ಜಗಳಕ್ಕೆ ಬಂದವನಿಗೂ ಮೊದಲು ಹಣ್ಣು.

ಅವನ ಒಂದು ರೀತಿ ನನಗೆ ವಿಚಿತ್ರವೆನಿಸುತ್ತಿತ್ತು. ನಶೆ ಸಿಗದೆ ಯಾರಾದರೂ ನಡುಗುತ್ತ ಮೂಲೆಯಲ್ಲಿ ಮಲಗಿದ್ದರೆ ಮಿಲಿಂದ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ, ಆದರೆ ಅವನ ಕಡೆ ಬೆನ್ನು ಮಾಡಿ. ಗಂಟೆಗಟ್ಟಲೆ. ಕೈಯಲ್ಲಿ ಬ್ಯಾಂಡೇಜು ಸುತ್ತುವುದೋ ಚಪ್ಪಲಿ ಹೊಲಿಯುವುದೋ ಏನಾದರೂ ಒಂದು ಕೆಲಸ. ಏಕೆಂದು ಕೇಳಿದ್ದಕ್ಕೆ ಹೇಳಿದ: “ಎದುರಿಗಿ ಕುಂತ್ರ ಪೊಲೀಸ ಆಗ್ತೀವಿ ಸರ್. ಬೆನ್ನು ಕೊಟ್ಟು ಕೂಡಬೇಕು. ಬೇಕಾದ್ರ ಅವನೇ ನಮ್ಮ ಬೆನ್ನಿಗಿ ಬೆನ್ನು ಹಚ್ಚತಾನ.” ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಮಿಸ್ಡ್ ಕಾಲಿನ ಪದ್ಧತಿಯೂ ಅವನದೇ. ಗುಳಿಗೆಯನ್ನು ದಿನಕ್ಕೆ ಎರಡು ಸಲ, ಮುಂಜಾನೆ ಎಂಟಕ್ಕೆ ಮತ್ತು ಸಂಜೆ ಎಂಟಕ್ಕೆ, ಜೀವವಿರುವತನಕ ತಪ್ಪದೆ ನುಂಗಬೇಕು. ತಪ್ಪಿದರೆ ಕಾಯಿಲೆ ಗುಳಿಗೆಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅದೇ ಗುಳಿಗೆ ಎಷ್ಟು ನುಂಗಿದರೂ ಉಪಯೋಗವಿಲ್ಲ. ನುಂಗಿದ ಕೂಡಲೇ ಸಂಸ್ಥೆಯ ಮೊಬೈಲಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು. ಮೊಬೈಲು ನನ್ನ ಬಳಿ ಇರುತ್ತಿತ್ತು, ಸಂಜೆ ಮನೆಗೂ ಒಯ್ಯುತ್ತಿದ್ದೆ. ರಿಂಗು ಬಂದಾಗ ನಾನು ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ಅವರವರ ಕೇಂದ್ರದ ಅಂಕಿ ಬರೆದ ಪುಟದಲ್ಲಿ ಒಂದು ಗೆರೆ ಎಳೆಯಬೇಕು. ಎಡಗಡೆ ಮುಂಜಾನೆ, ಬಲಗಡೆ ಸಂಜೆ.

ಇದು ವ್ಯರ್ಥವೆಂದು ನಾನು ಮೊದಲ ದಿನವೇ ಹೇಳಿದ್ದೆ. ಗುಳಿಗೆ ನುಂಗದೆಯೂ ರಿಂಗು ಕೊಡಬಹುದಲ್ಲ? ಮಿಲಿಂದ ನಕ್ಕ. “ಸುಳ್ಳ ಹೇಳಾಕ ನಮಗ ಪೊಲೀಸ್ ಅದಾರ, ಡಾಕ್ಟರ್ ಅದಾರ, ಹೆಂಡ್ತಿ ಅದಾಳ. ಒಂದ ಜಾಗಾದಾಗರ ಖರೆ ಇರಲಿ ಬಿಡ್ರಿ ಸರ್.” ಗೋಡೆಗೊರಗಿ ಕೂತಿದ್ದವರಲ್ಲಿ ಒಬ್ಬ, “ಖರೇನಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು, ನಕ್ಕಿರಲಿಕ್ಕಿಲ್ಲ.

ಗುಂಡೂ ಬಂದದ್ದು ಯುಗಾದಿ ಕಳೆದ ಮೇಲೆ. ಅವನನ್ನು ಮೆಟ್ಟಿಲ ತುದಿಯಲ್ಲಿ ಕಂಡ ಕೂಡಲೇ ನನಗೆ ಗುರುತು ಹತ್ತಿತು. ನಮ್ಮದೇ ಓಣಿ, ನಮ್ಮದೇ ವೈಷ್ಣವರ ಮನೆತನ, ಹೈಸ್ಕೂಲಿನವರೆಗೆ ಒಂದೇ ಬೆಂಚು. ಅವನ ಅವ್ವ ಬದುಕಿದ್ದಾಗ ಅವರ ಮನೆಯಲ್ಲಿ ಮರಾಠಿ, ನಮ್ಮ ಮನೆಯಲ್ಲಿ ಕನ್ನಡ, ಹಿತ್ತಲಿನಲ್ಲಿ ಎರಡೂ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಹೊಟ್ಟೆನೋವಿಗೆಂದು ಶುರುವಾದ ಚುಚ್ಚುಮದ್ದು ಆಮೇಲೆ ನೋವಿಲ್ಲದೆಯೂ ಬೇಕಾಯಿತಂತೆ. ಈಗ ಗಲ್ಲದ ಎಲುಬು ಎದ್ದಿತ್ತು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಅವನು ನನ್ನನ್ನು ನೋಡಿದ. ಆಮೇಲೆ ಅವನೇ, “ನಮಸ್ಕಾರ ಸರ್,” ಎಂದ. ನಾನು, “ಹೆಸರು?” ಎಂದೆ. ಹೆಸರು ಹೇಳಿದ. ಬರೆದುಕೊಂಡೆ. ಇಷ್ಟು ನಡೆದದ್ದು ನಿಜ. ಇದನ್ನು ನಾನು ಯಾವ ಸಂಕಿರಣದಲ್ಲೂ ಹೇಳಿಲ್ಲ.

ಅವನಿಗೆ ತಡಮಾಡದೆ ಗುಳಿಗೆ ಶುರುವಾಗಬೇಕಿತ್ತು. ರಕ್ತದ ವರದಿ ನೋಡಿದ ಡಾಕ್ಟರರು ಮಳೆಗಾಲದವರೆಗೆ ಕಾಯುವಂತಿಲ್ಲ ಎಂದರು. ಆದರೆ ಕೇಂದ್ರದಲ್ಲಿ ಹೆಸರು ಹಚ್ಚಬೇಕಾದರೆ ಜೊತೆಗೊಬ್ಬರು ಬಂದು ಸಹಿ ಮಾಡಬೇಕು, ದಿನಾ ಗುಳಿಗೆ ನುಂಗುವುದನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಬೇಕು. ಸಾಮಾನ್ಯವಾಗಿ ಮನೆಯವರು. ಗುಂಡೂನ ಮನೆಯಲ್ಲಿದ್ದವರು ಅಣ್ಣ, ಅತ್ತಿಗೆ. ಅವರಿಗೆ ಹೇಳಿದರೆ ಆ ದಿನವೇ ಮನೆ ಬಿಡಬೇಕಾಗುತ್ತದೆ ಎಂದ. ಸೂಜಿ ಹಿಡಿಯುವವರ ಬಗ್ಗೆ ಕೇಂದ್ರದಲ್ಲೂ ಅಷ್ಟಿಷ್ಟು ಹಿಂಜರಿಕೆ ಇತ್ತು. ಇವರು ಗುಳಿಗೆ ತಪ್ಪಿಸುತ್ತಾರೆ, ವ್ಯರ್ಥ ಮಾಡುತ್ತಾರೆ ಎಂಬ ಭಾವನೆ. ಸಹಿ ಮಾಡಲು ನಾನೇ ಇದ್ದೆ. ಓಣಿಯವನು, ದಿನಾ ನೋಡಬಲ್ಲವನು. ದಾಖಲೆ ಬರೆಯುವವನು ಹೊರಗೇ ನಿಲ್ಲಬೇಕು ಎಂಬ ನಿಯಮ ನನಗೆ ಬಹಳ ಅನುಕೂಲವಾಗಿ ಆಗ ನೆನಪಿಗೆ ಬಂತು.

ಮಿಲಿಂದ ಸಹಿ ಮಾಡಿದ. ‘ಸಂಬಂಧ’ ಎಂಬ ಜಾಗದಲ್ಲಿ ‘ಅಣ್ಣ’ ಎಂದು ಬರೆದ. ಕೌನ್ಸೆಲರ್ ವಿಜಯಾ ಮೇಡಂ ಎರಡೂ ಅಡ್ಡಹೆಸರು ಓದಿ, ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, “ಅಣ್ಣ ತಮ್ಮ?” ಎಂದರು.

“ಹೌದ್ರೀ ಮೇಡಂ,” ಎಂದ ಮಿಲಿಂದ. “ತಂದಿ ಬ್ಯಾರೆ. ತಾಯೀನೂ ಬ್ಯಾರೆ.”

ಅವರು ನಗು ತಡೆದುಕೊಂಡು ಠಸ್ಸೆ ಒತ್ತಿದರು. ಇಬ್ಬರೂ ತಿಂಗಳಿಗೊಮ್ಮೆ ಒಂದೇ ದಿನ ಬಂದು ಹೊಸ ಡಬ್ಬಿ ಒಯ್ಯಬೇಕೆಂದು ಗೊತ್ತಾಯಿತು.

ಮೊದಲ ವಾರಗಳಲ್ಲಿ ಗುಂಡೂ ಮೈತುಂಬ ದದ್ದು, ವಾಕರಿಕೆಯಿಂದ ಹಣ್ಣಾದ. ಎರಡು ಸಲ ಸೂಜಿಯ ಕಡೆ ತಿರುಗಿದ. ಎರಡು ಸಲವೂ ತಾನೇ ಬಂದು ಹೇಳಿದ, ಮಿಲಿಂದನ ಬೆನ್ನಿಗೆ. ಆದರೆ ಗುಳಿಗೆ ಬಿಡಲಿಲ್ಲ. ಡಬ್ಬಿಯನ್ನು ಖೋಲಿಯವರು ಗಿಲಕಿ ಎನ್ನುತ್ತಿದ್ದರು, ನಡೆದರೆ ಕಿಸೆಯಲ್ಲಿ ಗಲಗಲ ಎನ್ನುತ್ತಿತ್ತು. ಸದ್ದಾಗದಂತೆ ಅದರೊಳಗೆ ಹತ್ತಿ ತುರುಕುವುದನ್ನು ಗುಂಡೂಗೆ ಮಿಲಿಂದ ಕಲಿಸಿದ. ಮನೆಯಲ್ಲಿ ಎಲ್ಲಿಡಬೇಕೆಂಬುದನ್ನೂ ಅವನೇ ಹೇಳಿದ: ಜೋಳದ ಗಡಿಗೆಯೊಳಗೆ, ಕೈ ಮುಳುಗುವಷ್ಟು ಆಳಕ್ಕೆ. ಕಾಳಿನೊಳಗೆ ತಂಪಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಊರಿಗೆ ಹೋದಾಗ ಮಿಲಿಂದನ ಡಬ್ಬಿಯೂ ಕಮಲಾಪುರದ ಮನೆಯಲ್ಲಿ ಹಾಗೆಯೇ ಇರುತ್ತಿತ್ತಂತೆ. ನನ್ನ ನೋಟ್‌ಬುಕ್ಕಿನಲ್ಲಿ ಗೆರೆಗಳು ಎರಡೂ ಬದಿಯಲ್ಲಿ ಸಾಲಾಗಿ ಇಳಿದವು. ಎರಡನೆಯ ಡಬ್ಬಿ ಅರ್ಧ ಮುಗಿಯುವ ಹೊತ್ತಿಗೆ ಗುಂಡೂ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದ.

ಮುಂದೆ ನಡೆದದ್ದು ನನಗೆ ತಿಳಿದದ್ದು ಆಮೇಲೆ, ಆದರೂ ಅದರ ಜಾಗದಲ್ಲೇ ಹೇಳುತ್ತೇನೆ. ಗಿರಣಿಗೆ ಜೋಳ ಅಳೆಯಲೆಂದು ಗುಂಡೂನ ಅತ್ತಿಗೆ ಗಡಿಗೆಗೆ ಕೈ ಹಾಕಿದಾಗ ಡಬ್ಬಿ ಸಿಕ್ಕಿತು. ಅಣ್ಣ ಲೇಬಲ್ ಓದಿದ. ಹೊರಗೆ ಹೋಗಿ ಗಟಾರದಲ್ಲಿ ಚೆಲ್ಲಿ, ಬಂದು ಮೊಣಕೈವರೆಗೆ ಕೈ ತೊಳೆದುಕೊಂಡ. ಆ ಗಡಿಗೆಯ ಜೋಳವನ್ನೂ ಅತ್ತಿಗೆ ದನಕ್ಕೆ ಹಾಕಿಸಿದಳು. ಮನೆ ಬಿಡಿಸಲಿಲ್ಲ, ಗುಂಡೂನ ತಟ್ಟೆ ಬೇರೆ ಮಾಡಿದರು ಅಷ್ಟೆ.

ಹೊಸ ಡಬ್ಬಿಗೆ ಇನ್ನೂ ಹನ್ನೊಂದು ದಿನ ಇತ್ತು. ಕೇಂದ್ರಕ್ಕೆ ಹೋಗಿ ಡಬ್ಬಿ ಕಳೆಯಿತು ಎಂದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ ಎಂದು ಖೋಲಿಯಲ್ಲಿ ಎಲ್ಲರೂ ನಂಬಿದ್ದರು. ಮೊದಲೇ ಸೂಜಿಯವನು, ಮೊದಲೇ ಅನುಮಾನ. ಹೆಸರು ಹೋದರೆ ಮತ್ತೆ ಬರುವುದಿಲ್ಲ, ಗುಳಿಗೆ ಇಲ್ಲದಿದ್ದರೆ ಗುಂಡೂ ಆ ವರ್ಷ ದಾಟುವುದಿಲ್ಲ. ಈ ಮಾತನ್ನು ಮೊದಲು ಹೇಳಿದ್ದು ಯಾರು? ಗುಳಿಗೆಯ ನಿಯಮಗಳನ್ನು ಇಂಗ್ಲಿಷಿನಿಂದ ಓದಿ ಅವರಿಗೆ ವಿವರಿಸುತ್ತಿದ್ದವನು ನಾನು. ಸ್ವಲ್ಪ ಹೆದರಿಕೆ ಇದ್ದರೆ ಶಿಸ್ತು ಇರುತ್ತದೆ ಎಂದುಕೊಂಡು ನಾನೇ ಹೇಳಿರಬಹುದು. ಹೇಳಿದ ನೆನಪಿಲ್ಲ. ಹೇಳಿಲ್ಲ ಎಂಬ ನೆನಪೂ ಇಲ್ಲ.

ಮಿಲಿಂದನ ಡಬ್ಬಿಯಲ್ಲಿ ಇಪ್ಪತ್ತೆರಡು ಗುಳಿಗೆ ಇದ್ದವು. ಹನ್ನೊಂದನ್ನು ಕಾಗದದಲ್ಲಿ ಕಟ್ಟಿ ಗುಂಡೂಗೆ ಕೊಟ್ಟ.

ಇದನ್ನು ಖೋಲಿಯವರಲ್ಲದೆ ಬೇರೆ ಯಾರೂ ಮಾಡಲಾರರು. ಸೂಜಿಯ ದಿನಗಳಲ್ಲಿ ಅವರಿಗಿದ್ದ ಒಂದೇ ಧರ್ಮವೆಂದರೆ ಅರ್ಧ. ಯಾರ ಬಳಿ ಇದೆಯೋ ಅವನು ಇಲ್ಲದವನಿಗೆ ಅರ್ಧ ಕೊಡಬೇಕು, ಏಕೆಂದರೆ ನಾಳೆ ನಡುಗುವವನು ತಾನು. ‘ಒಬ್ಬನೇ ತಿಂದವ’ ಎಂಬುದು ಖೋಲಿಯಲ್ಲಿ ತಾಯಿಯ ಮೇಲಿನ ಬೈಗುಳಕ್ಕಿಂತ ದೊಡ್ಡ ಬೈಗುಳ. ಸೂಜಿ ಬಿಟ್ಟರೂ ಆ ಅರ್ಧ ಬಿಟ್ಟಿರಲಿಲ್ಲ. ಮನೆಯಲ್ಲಿ ಸಂಜೆ ಅಣ್ಣ ಇರುತ್ತಾನೆಂದು ಗುಂಡೂ ಮುಂಜಾನೆಯ ಹೊತ್ತು ಆರಿಸಿಕೊಂಡ. ಮಿಲಿಂದ ಸಂಜೆಯದನ್ನು.

ಆ ದಿನಗಳಲ್ಲಿ ನಾನೇನು ಮಾಡುತ್ತಿದ್ದೆ? ನಾನು ಹೇಳುತ್ತ ಬಂದಿರುವುದು ಹೀಗೆ: ಪರೀಕ್ಷೆ ಹತ್ತಿರವಿತ್ತು, ಪುಸ್ತಕದಲ್ಲಿ ಮುಳುಗಿದ್ದೆ, ಗೆರೆಗಳನ್ನು ಯಾಂತ್ರಿಕವಾಗಿ ಎಳೆಯುತ್ತಿದ್ದೆ, ಕೊನೆಯ ಒಂದೆರಡು ದಿನ ಏನೋ ಏರುಪೇರು ಕಂಡಂತಾಯಿತು, ಕೇಳಬೇಕೆನ್ನುವಷ್ಟರಲ್ಲಿ ಡಬ್ಬಿಯ ದಿನ ಬಂತು. ಇದು ಸಮಂಜಸವಾದ ಕಥೆ. ಯಾರೂ ಇದಕ್ಕೆ ಖರೇನಾ ಎಂದು ಕೇಳಿಲ್ಲ.

ಡಬ್ಬಿಯ ದಿನ ನಾನೂ ಅವರ ಜೊತೆ ಕೇಂದ್ರಕ್ಕೆ ಹೋದೆ. ಮಳೆಗೆ ಮುಂಚಿನ ಧೂಳಿನ ಗಾಳಿ, ವರಾಂಡದಲ್ಲಿ ಬೆಂಚುಗಳ ಮೇಲೆ ಮಾತಿಲ್ಲದೆ ಕೂತ ಜನ. ಒಳಗೆ ವಿಜಯಾ ಮೇಡಂ ಹಳೆಯ ಡಬ್ಬಿ ಬಿಚ್ಚಿಸಿ ಉಳಿದ ಗುಳಿಗೆ ಎಣಿಸುವವರು. ಮಿಲಿಂದನದು ಖಾಲಿ. ಗುಂಡೂನದೂ ಖಾಲಿ, ಅದು ಮೊದಲ ತಿಂಗಳ ಡಬ್ಬಿ ಎಂಬುದು ಅವರಿಗೆ ಗೊತ್ತಿಲ್ಲ. ಲೆಕ್ಕ ಸರಿ. ಅವರಿಗೆ ಸಂತೋಷವಾಯಿತು. ಸೂಜಿಯವರ ಬಗ್ಗೆ ಹಿಂಜರಿಯುವ ಡಾಕ್ಟರರಿಗೆ ತೋರಿಸುತ್ತೇನೆ ಎಂದು ನನ್ನ ನೋಟ್‌ಬುಕ್ಕು ಕೇಳಿದರು.

ಕೊಟ್ಟೆ. ಇಲ್ಲಿ ನನ್ನ ನೆನಪು ಎರಡಾಗಿ ಒಡೆಯುತ್ತದೆ. ಒಂದರಲ್ಲಿ, ನಾನೇ ಪುಟ ತೆರೆದು ಬೆರಳಿಟ್ಟು ತೋರಿಸುತ್ತೇನೆ. ಇನ್ನೊಂದರಲ್ಲಿ, ಅವರು ಪುಟ ತಿರುವುತ್ತಾರೆ, ನಿಲ್ಲುತ್ತಾರೆ, ಗುಂಡೂನ ಪುಟ ನೋಡಿ ಮಿಲಿಂದನ ಪುಟ ನೋಡಿ ಮತ್ತೆ ಗುಂಡೂನ ಪುಟಕ್ಕೆ ಬರುತ್ತಾರೆ. ಎರಡನೆಯದೇ ನಿಜವಿರಬೇಕು, ಏಕೆಂದರೆ ಅದರಲ್ಲಿ ನನಗೆ ಯಾವ ಪಾತ್ರವೂ ಇಲ್ಲ.

“ಇದೇನಿದು?” ಎಂದರು. “ಇವರದು ಬರೇ ಮುಂಜಾನಿ. ಇವರದು ಬರೇ ಸಂಜಿ.”

ಗುಂಡೂ ನೆಲ ನೋಡಿದ. ಮಿಲಿಂದ ಒಂದು ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ: ಗಡಿಗೆ, ಗಟಾರ, ಇಪ್ಪತ್ತೆರಡರಲ್ಲಿ ಹನ್ನೊಂದು. ತಪ್ಪು ತನ್ನದು, ತಮ್ಮನ ಹೆಸರು ಹೊಡೆಯಬೇಡಿ, ಹೊಡೆಯುವುದಾದರೆ ತನ್ನದು ಹೊಡೆಯಿರಿ ಎಂದ.

ವಿಜಯಾ ಮೇಡಂ ಪೆನ್ನು ಕೆಳಗಿಟ್ಟರು. ಅರ್ಧ ಗುಳಿಗೆ ಅಂದರೆ ಅರ್ಧ ರಕ್ಷಣೆ ಅಲ್ಲ, ಇಬ್ಬರ ಮೈಯಲ್ಲೂ ಕಾಯಿಲೆಗೆ ಪಾಠ ಹೇಳಿಕೊಟ್ಟ ಹಾಗೆ ಎಂದು ಬಹಳ ಮೆಲ್ಲಗೆ ವಿವರಿಸಿದರು. ಅವರ ಸಿಟ್ಟು ಆ ಮೆಲುದನಿಯಲ್ಲೇ ಇತ್ತು. “ಹೆಸರು ಹೊಡಿತಾರ ಅಂತ ಯಾರು ಹೇಳಿದ್ರು ನಿಮಗ? ಅವತ್ತ ಬಂದು ಹೇಳಿದ್ರ ಅವತ್ತ ಡಬ್ಬಿ ಕೊಡ್ತಿದ್ದೆ.”

ಮಿಲಿಂದ ನನ್ನ ಕಡೆ ನೋಡಲಿಲ್ಲ. ನೋಡಬಹುದಾಗಿತ್ತು, ನೋಡಲಿಲ್ಲ, ಇದು ನನಗೆ ಚೆನ್ನಾಗಿ ನೆನಪಿದೆ. ಅವರಿಗೇ ಅಂದ: “ಮೇಡಂ, ಸೂಜಿ ಹಂಚಕೊಂಡ್ವಿ, ಅದು ತಪ್ಪಂದ್ರಿ, ಖರೆ ಅದ. ಈಗ ಗುಳಿಗಿ ಹಂಚಕೊಂಡ್ರ ಅದೂ ತಪ್ಪು. ಹಂಗಾದ್ರ ನಮ್ಮಂಥವ್ರು ಒಬ್ಬರಿಗೊಬ್ಬರು ಏನು ಕೊಡಬೇಕ್ರಿ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಸುದ್ದಿ ಕೊಡ್ರಿ,” ಎಂದರು. “ಅವನ ಡಬ್ಬಿ ಹೋಗ್ಯಾದ ಅಂತ ನನಗ ಬಂದು ಸುದ್ದಿ ಕೊಡ್ರಿ. ಅಷ್ಟ ಸಾಕು.”

ಇಬ್ಬರಿಗೂ ಹೊಸ ಡಬ್ಬಿ ಸಿಕ್ಕಿತು. ಯಾರ ಹೆಸರೂ ಹೋಗಲಿಲ್ಲ. ಗುಂಡೂ ವರಾಂಡದಲ್ಲಿ ಡಬ್ಬಿಯೊಳಗೆ ಹತ್ತಿ ತುರುಕುತ್ತ, ನನ್ನ ಕಡೆ ತಿರುಗಿ, ಆ ಮೂರು ತಿಂಗಳಲ್ಲಿ ಮೊದಲ ಸಲ ‘ಸರ್’ ಬಿಟ್ಟು ಮಾತಾಡಿದ. “ನಿಮ್ಮ ಅವ್ವಗ ಹೇಳಿಯೇನೋ?” ಎಂದು ಕೇಳಿದ. ಇಲ್ಲ ಎಂದೆ. “ಛಲೋ ಆತು,” ಎಂದ. “ಆಕಿ ಈಗೂ ನನಗ ಬಾಗಲದಾಗ ನಿಂತು ಮಾತಾಡಸ್ತಾಳ.”

ಆ ಮಳೆಗಾಲದ ಕೊನೆಗೆ ನನ್ನ ಪರೀಕ್ಷೆಯ ಫಲಿತಾಂಶ ಬಂತು. ನಾನು ಕೆಲಸ ಬಿಟ್ಟೆ. ಗುಂಡೂ ಈಗ ಸೋಲಾಪುರದಲ್ಲಿದ್ದಾನೆ, ಮೈಕೈ ತುಂಬಿಕೊಂಡಿದ್ದಾನೆ, ಗುಳಿಗೆ ನುಂಗುತ್ತಿದ್ದಾನೆ. ಮಿಲಿಂದನಿಗೆ ಮರುವರ್ಷ ಜ್ವರ ಹಿಡಿಯಿತು. ಗುಳಿಗೆ ಅವನ ಮೈಗೆ ಹತ್ತದಾಗಿತ್ತು. ಅದು ಹತ್ತದಿದ್ದರೆ ಕೊಡುವ ಎರಡನೆಯ ಬಗೆಯ ಗುಳಿಗೆ ಆಗ ನಮ್ಮ ಊರಿಗೆ ಬಂದಿರಲಿಲ್ಲ. ಅವನು ಕಮಲಾಪುರದ ಮನೆಯಲ್ಲಿ ತೀರಿಕೊಂಡ. ಆ ಹನ್ನೊಂದು ದಿನವೇ ಕಾರಣವೇ ಎಂದು ಡಾಕ್ಟರರನ್ನು ಕೇಳಿದ್ದೆ. ಹಾಗೆ ಒಂದನ್ನೇ ಹಿಡಿದು ಹೇಳಲಾಗುವುದಿಲ್ಲ, ಗುಂಡೂಗೆ ಏನೂ ಆಗಲಿಲ್ಲವಲ್ಲ ಎಂದರು. ಸರಿಯಾದ ಉತ್ತರ. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಗ್ರಂಥಾಲಯದ ಮೇಜಿನ ಆಚೆ ಕೂತಿದ್ದವರು ಮಿಲಿಂದನ ತಂಗಿ. ಅವರು ಗುರುತು ಹಿಡಿದರು, ನಾನು ಹಿಡಿಯಲಿಲ್ಲ. ಖೋಲಿಗೆ ಒಮ್ಮೆ ಅಣ್ಣನ ಬುತ್ತಿ ತಂದಿದ್ದರಂತೆ. ಪರೀಕ್ಷೆ ಮುಗಿದ ಮೇಲೆ, ಉತ್ತರಪತ್ರಿಕೆಯ ಕಟ್ಟುಗಳಿಗೆ ಅರಗು ಹಾಕುವುದನ್ನು ಕಾಯುತ್ತ, ಅವರು ಒಂದು ಹಣ್ಣು ಮುರಿದು ಕೊಟ್ಟರು. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಹೆಸರು ಹಾಕಬೇಡಿ, ಊರು ಹಾಕಿ, ಊರಿಗೇನೂ ನಾಚಿಕೆ ಇಲ್ಲ ಎಂದರು. ಆಮೇಲೆ, ನಾನು ಕೇಳದೆಯೇ, ಇನ್ನೊಂದು ಮಾತು ಹೇಳಿದರು.

“ನಮ್ಮ ಅಣ್ಣ ಕಡೀತನಕ ನಿಮ್ಮ ಹೆಸರು ತಗೀತಿದ್ದ ಸರ್. ಖರೇನಾ ಸರ್‌ಗ ಮೊದಲಿಗೇ ಗೊತ್ತಾಗಿತ್ತು, ಗೆರಿ ಹಾಕೋರೇ ಅವರು, ಕಣ್ಣಿಗಿ ಬೀಳದ ಇರ್ತದೇನು ಅಂತಿದ್ದ. ಗೊತ್ತಿದ್ರೂ ಯಾರ ಮುಂದೂ ಬಾಯಿ ಬಿಡಲಿಲ್ಲ, ಗುಂಡೂನ ಹೆಸರು ಉಳೀಲಿ ಅಂತ ಸುಮ್ಮನ ಇದ್ರು, ದೊಡ್ಡ ಮನುಷ್ಯ ಅಂತಿದ್ದ.”

ನಾನು ಹಣ್ಣು ಬಾಯಲ್ಲಿಟ್ಟುಕೊಂಡಿದ್ದೆ. ಇಲ್ಲಮ್ಮ, ನನಗೆ ಗೊತ್ತಾದದ್ದು ಕಡೆಗೆ, ಒಂದೆರಡು ದಿನದ ಮುಂಚೆ ಎಂದು ಹೇಳಬೇಕೆನಿಸಿತು. ಆದರೆ ಅಷ್ಟು ವರ್ಷ ನಂಬಿದ ಆ ಒಂದೆರಡು ದಿನ ಆ ಕ್ಷಣಕ್ಕೆ ನನಗೇ ಅನುಮಾನವಾಯಿತು.

ಆ ಕಾಲದ ಕಾಗದಗಳೆಲ್ಲ ನಮ್ಮ ಮನೆಯ ಅಟ್ಟದಲ್ಲಿ, ಒಂದು ತಗಡಿನ ಟ್ರಂಕಿನಲ್ಲಿವೆ. ಸಂಸ್ಥೆ ಮುಚ್ಚಿದಾಗ, ಸುಡಬೇಕಾದದ್ದನ್ನು ಸುಟ್ಟು, ಹೆಸರಿಲ್ಲದೆ ಬರೇ ಅಂಕಿಯ ಗುರುತಿದ್ದ ನೋಟ್‌ಬುಕ್ಕನ್ನು ನನಗೆ ಕೊಟ್ಟಿದ್ದರು. ಮುಂದಿನ ಭಾನುವಾರ ಟ್ರಂಕು ಇಳಿಸಿದೆ. ಪುಟದ ಅಂಚನ್ನು ಗೆದ್ದಲು ತಿಂದಿತ್ತು, ಒಳಗೆ ಸರಿಯಾಗಿತ್ತು. ಎರಡೂ ಪುಟ ಅಕ್ಕಪಕ್ಕ ಇಟ್ಟು ನೋಡಿದೆ. ಹನ್ನೊಂದು ದಿನ, ಒಬ್ಬನದು ಎಡಗಡೆ ಮಾತ್ರ, ಇನ್ನೊಬ್ಬನದು ಬಲಗಡೆ ಮಾತ್ರ. ಬಾಕಿ ಹೊತ್ತಿನಲ್ಲಿ ಸುಮ್ಮನೆ ಒಂದು ರಿಂಗು ಕೊಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನುಂಗದ ಗುಳಿಗೆಗೆ ಅವರು ಒಂದು ಸಲವೂ ರಿಂಗು ಕೊಟ್ಟಿರಲಿಲ್ಲ.

ಗುಂಡೂನ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ ಇದೆ. ಅಕ್ಷರ ನನ್ನದು: “ಇಬ್ಬರದೂ ದಿನಕ್ಕೆ ಒಂದೇ ಗೆರೆ. ಉತ್ಸಾಹ ಇಳಿದಿದೆ. ನಿರೀಕ್ಷಿತವೇ.” ಬರೆದ ನೆನಪು ನನಗಿಲ್ಲ. ಅಟ್ಟದ ಮಬ್ಬು ಬೆಳಕಿನಲ್ಲಿ ತಪ್ಪು ಕಂಡಿರಬಹುದೆಂದು ನೋಟ್‌ಬುಕ್ಕನ್ನು ಅಂಗಳಕ್ಕೆ ತಂದು, ಸಾಲುಗಳನ್ನು ಮೇಲಿನಿಂದ ಒಂದೊಂದಾಗಿ ಬೆರಳಿಟ್ಟು ಎಣಿಸಿದೆ, ಎರಡು ಸಲ. ಟಿಪ್ಪಣಿ ಇರುವುದು ಮೂರನೆಯ ದಿನದ ಸಾಲಿನ ಮುಂದೆ.